ಘಟ್ಟದ ಬುಡದ ತೋಟದ ಮನೆಗೆ ಕಡಿಮೆ ಖರ್ಚಿನಲ್ಲಿ ಟಿವಿ: ಯಾವ ವ್ಯವಸ್ಥೆ ಸೂಕ್ತ?

ಪ್ರಶ್ನೆ: ಗುಡ್ಡೆಮನೆ (ಉಡುಪಿ)

ಎಲ್ಲರಿಗೂ ನಮಸ್ಕಾರ. ಹೆಬ್ರಿಯಿಂದ ಸೋಮೇಶ್ವರಕ್ಕೆ ಹೋಗುವ ರಸ್ತೆಯಿಂದ ಸಾಕಷ್ಟು ಒಳಗೆ, ಘಟ್ಟದ ಬುಡದಲ್ಲಿ ನಮ್ಮ ಅಡಿಕೆ ತೋಟವಿದೆ. ಅಲ್ಲಿರುವ ಹಳೆಯ ಹೆಂಚಿನ ಮನೆಯಲ್ಲಿ ತೋಟ ನೋಡಿಕೊಳ್ಳುವ ದಂಪತಿ ವರ್ಷವಿಡೀ ವಾಸವಾಗಿದ್ದಾರೆ. ನಾವು ಉಡುಪಿಯಿಂದ ವಾರದ ಕೊನೆಗೆ ಹೋಗಿಬರುತ್ತೇವೆ, ಕೊಯ್ಲಿನ ಸಮಯದಲ್ಲಿ ಮಾತ್ರ ತಂದೆಯವರು ಅಲ್ಲಿಯೇ ಉಳಿಯುತ್ತಾರೆ. ಕಾಡುಹಂದಿಗಳ ಕಾಟದಿಂದ ರಾತ್ರಿ ಬಹಳ ಹೊತ್ತು ಎಚ್ಚರವಿರಬೇಕಾದ ಜಾಗವಾದ್ದರಿಂದ, ಅಲ್ಲಿ ಒಂದು ಟಿವಿ ಇದ್ದರೆ ಅವರಿಗೆ ಹೊತ್ತು ಕಳೆಯಲು ಅನುಕೂಲವಾಗುತ್ತದೆ ಎಂಬುದು ನಮ್ಮ ಯೋಚನೆ.

ಅಲ್ಲಿಗೆ ಕೇಬಲ್ ಬಂದಿಲ್ಲ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡೆ ಹತ್ತಬೇಕು, ಆದ್ದರಿಂದ ಇಂಟರ್ನೆಟ್ ಮೂಲಕ ನೋಡುವ ಮಾತೇ ಇಲ್ಲ. ಮನೆಯ ಪೂರ್ವಕ್ಕೆ ಘಟ್ಟವು ಗೋಡೆಯಂತೆ ಎದ್ದು ನಿಂತಿದೆ, ಸುತ್ತಲೂ ಅಡಿಕೆ ಮತ್ತು ತೆಂಗಿನ ಮರಗಳಿವೆ. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅಟ್ಟದ ಮೇಲೆ ಹಳೆಯ ದೂರದರ್ಶನದ ಕೊಳವೆ ಆಂಟೆನಾ ಒಂದಿದೆ, ಅದರಿಂದ ಈಗ ಏನಾದರೂ ಪ್ರಯೋಜನವಿದೆಯೇ? ಅಲ್ಲಿ ಮನೆಯವರು ನೋಡುವುದು ವಾರ್ತೆ, ಧಾರಾವಾಹಿ, ಕ್ರಿಕೆಟ್ ಮತ್ತು ಸಿಕ್ಕಿದರೆ ಯಕ್ಷಗಾನ. ಪ್ರತಿ ತಿಂಗಳೂ ದೊಡ್ಡ ಮೊತ್ತ ಕಟ್ಟುವ ಮನಸ್ಸಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕಾರ್ಕಳದ ಡಿಶ್ ಕೆಲಸದವರು

ಮೊದಲು ಆಂಟೆನಾದ ವಿಚಾರ ಮುಗಿಸುತ್ತೇನೆ. ಪ್ರಸಾರ ಭಾರತಿಯು 2022ರ ಹೊತ್ತಿಗೆ ತನ್ನ ಹಳೆಯ ಅನಲಾಗ್ ಭೂಪ್ರಸಾರ (ನೆಲದ ಗೋಪುರದಿಂದ ಬಿತ್ತರಿಸುವ) ಕೇಂದ್ರಗಳಲ್ಲಿ ಹೆಚ್ಚಿನವನ್ನು ಮುಚ್ಚಿದೆ, ಹಾಗಾಗಿ ಅದನ್ನು ಗುಜರಿಗೆ ಕೊಡಬಹುದು.

ನಿಮ್ಮ ಅಗತ್ಯಕ್ಕೆ ಮೊದಲು ಪರಿಶೀಲಿಸಬೇಕಾದದ್ದು ಪ್ರಸಾರ ಭಾರತಿಯ ಉಪಗ್ರಹ ಟಿವಿ ಸೇವೆಯಾದ ಡಿಡಿ ಫ್ರೀ ಡಿಶ್. 2004ರಲ್ಲಿ ಆರಂಭವಾದ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ಡಿಶ್, ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಸಣ್ಣ ಭಾಗ), ಬಾಕ್ಸ್ ಮತ್ತು ಕೇಬಲ್‌ಗೆ ಒಮ್ಮೆ ಮಾಡುವ ಖರ್ಚು ಸಾಮಾನ್ಯವಾಗಿ 2,000 ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಮಾದರಿಯದ್ದನ್ನೇ ಕೇಳಿ ತೆಗೆದುಕೊಳ್ಳಿ, ಏಕೆಂದರೆ ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಕೆಲವು ವಾಹಿನಿಗಳು ತೆರೆಯುವುದೇ ಇಲ್ಲ. ಹೊಸ ಟಿವಿಯನ್ನೇ ಕೊಳ್ಳುವುದಾದರೆ ಉಪಗ್ರಹ ಟ್ಯೂನರ್ ಒಳಗೇ ಇರುವ ಮಾದರಿಯನ್ನು ವಿಚಾರಿಸಿ, ಆಗ ಬಾಕ್ಸೂ ಬೇಡ, ಅದರ ವಿದ್ಯುತ್ತೂ ಉಳಿಯುತ್ತದೆ.

ಇದರಲ್ಲಿ ಚಂದನ ವಾಹಿನಿ, ದೂರದರ್ಶನದ ಉಳಿದ ವಾಹಿನಿಗಳು ಮತ್ತು ಹರಾಜಿನಲ್ಲಿ ಜಾಗ ಪಡೆದ ಖಾಸಗಿ ವಾಹಿನಿಗಳು ಬರುತ್ತವೆ. ಈ ಖಾಸಗಿ ವಾಹಿನಿಗಳಲ್ಲಿ ಹಿಂದಿಯದ್ದೇ ಹೆಚ್ಚು, ಪಟ್ಟಿಯೂ ಆಗಾಗ ಬದಲಾಗುತ್ತದೆ. ಕನ್ನಡದ ಶುಲ್ಕದ ಧಾರಾವಾಹಿ ವಾಹಿನಿಗಳನ್ನು ನಿರೀಕ್ಷಿಸಿ ಇದನ್ನು ಕೊಂಡರೆ ಮನೆಯವರಿಗೆ ಬೇಸರವಾದೀತು. ಕ್ರಿಕೆಟ್ ವಿಷಯದಲ್ಲಿ ಮಾತ್ರ ಇದಕ್ಕೊಂದು ಅನುಕೂಲವಿದೆ: 2007ರ ಕಾಯಿದೆಯ ಪ್ರಕಾರ, ರಾಷ್ಟ್ರೀಯ ಮಹತ್ವದವೆಂದು ಸರ್ಕಾರ ಅಧಿಸೂಚಿಸಿದ ಪಂದ್ಯಗಳ ಪ್ರಸಾರವನ್ನು ಹಕ್ಕು ಪಡೆದ ಸಂಸ್ಥೆ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಹಾಗೆ ಬಂದ ಪಂದ್ಯವನ್ನು ದೂರದರ್ಶನವು ತನ್ನ ಭೂಪ್ರಸಾರದಲ್ಲಿ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಘಟ್ಟದ ಚಿಂತೆ. ಇದನ್ನು ಬಹಳ ಜನ ಕೇಳುತ್ತಾರೆ, ಆದರೆ ಘಟ್ಟ ಅಡ್ಡ ಬರುವುದು ತೀರಾ ಅಪರೂಪ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮ ಜಿಲ್ಲೆಯಿಂದ ನೋಡಿದರೆ ಅದು ಪೂರ್ವ ಮತ್ತು ಆಗ್ನೇಯದ ನಡುವೆ, ದಿಕ್ಸೂಚಿಯಲ್ಲಿ ಸುಮಾರು 123 ಡಿಗ್ರಿಯಲ್ಲಿ, ನೆಲಮಟ್ಟದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ ಇರುತ್ತದೆ. ಅಂಗಳದಲ್ಲಿ ನಿಂತು ಕತ್ತು ಸಾಕಷ್ಟು ಮೇಲೆತ್ತಿದರೆ ಮಾತ್ರ ಕಾಣುವ ಆಕಾಶದ ಭಾಗ ಅದು, ಎರಡು ಕಿಲೋಮೀಟರ್ ಆಚೆಗಿನ ಘಟ್ಟದ ನೆತ್ತಿ ಅಷ್ಟು ಎತ್ತರಕ್ಕೆ ಬರುವುದಿಲ್ಲ. ತೊಂದರೆ ಕೊಡುವುದು ಹತ್ತಿರದ ಮರಗಳು. ಆ ದಿಕ್ಕಿನಲ್ಲಿರುವ ಮರವು ಡಿಶ್‌ಗಿಂತ ಎಷ್ಟು ಎತ್ತರವಾಗಿದೆಯೋ ಅದರ ಅರ್ಧದಷ್ಟಾದರೂ ದೂರದಲ್ಲಿರಬೇಕು ಎಂದು ಲೆಕ್ಕ ಇಟ್ಟುಕೊಳ್ಳಿ: 50 ಅಡಿಯ ಅಡಿಕೆ ಮರವಾದರೆ 25 ಅಡಿ, ಗರಿ ಹರಡುವುದಕ್ಕೂ ಗಾಳಿಗೆ ಬಾಗುವುದಕ್ಕೂ ಇನ್ನೊಂದಿಷ್ಟು. ಎಳೆಯ ತೆಂಗು ಇದ್ದರೆ ಇಂದಿನ ಎತ್ತರವನ್ನಲ್ಲ, ಇನ್ನು ಹತ್ತು ವರ್ಷಗಳ ಎತ್ತರವನ್ನು ನೋಡಿ ಜಾಗ ಆರಿಸಿ.

ಉತ್ತರ 2: ಕದ್ರಿ ನಿವಾಸಿ (ಮಂಗಳೂರು), ನಿವೃತ್ತ ಇಂಜಿನಿಯರ್

ಮೇಲಿನ ಉತ್ತರದ ಕೋನಗಳ ಲೆಕ್ಕ ಸರಿಯಾಗಿದೆ. ಜಾಗ ಪರೀಕ್ಷಿಸಲು ಯಾವ ಉಪಕರಣವೂ ಬೇಡದ ಒಂದು ಉಪಾಯವನ್ನು ಅದಕ್ಕೆ ಸೇರಿಸುತ್ತೇನೆ. ಮಾರ್ಚ್ ಮಧ್ಯಭಾಗದ ಕೆಲವು ದಿನಗಳಲ್ಲಿ ಬೆಳಿಗ್ಗೆ ಸುಮಾರು 11.10ಕ್ಕೆ, ಹಾಗೆಯೇ ಸೆಪ್ಟೆಂಬರ್ ಕೊನೆಯ ಕೆಲವು ದಿನಗಳಲ್ಲಿ ಸುಮಾರು 10.55ಕ್ಕೆ, ನಮ್ಮ ಕರಾವಳಿಯಿಂದ ನೋಡಿದಾಗ ಸೂರ್ಯನು ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಿಗೆ ನೀವು ಆರಿಸಿದ ಜಾಗದಲ್ಲಿ ನೆರಳಿಲ್ಲದ ಬಿಸಿಲಿದ್ದರೆ ಉಪಗ್ರಹಕ್ಕೂ ನಿಮಗೂ ನಡುವೆ ಯಾವ ಎಲೆಯೂ ಇಲ್ಲವೆಂದು ಧೈರ್ಯವಾಗಿ ಕಂಬ ನೆಡಬಹುದು. ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಸೂರ್ಯನ ವಿಕಿರಣದಿಂದಾಗಿ ಚಿತ್ರ ಕೆಲವು ನಿಮಿಷ ನಿಲ್ಲುವುದೂ ಉಂಟು. ಅದು ಡಿಶ್ಶಿನ ದೋಷವಲ್ಲ, ಅದಕ್ಕಾಗಿ ಯಾರನ್ನೂ ಕರೆಸಬೇಕಾಗಿಲ್ಲ.

ಧಾರಾವಾಹಿ ಬೇಕೇ ಬೇಕು ಎಂದಾದರೆ ಶುಲ್ಕದ ಡಿಟಿಎಚ್ ಸೇವೆಯೇ ಗತಿ. ಇಲ್ಲಿಯೂ ಮರಗಳ ದೃಷ್ಟಿಯಿಂದ ಒಂದು ವ್ಯತ್ಯಾಸವಿದೆ, ಅಂಗಡಿಯವರು ಇದನ್ನು ಹೇಳುವುದಿಲ್ಲ. ಟಾಟಾ ಪ್ಲೇ ಸೇವೆಯ ಉಪಗ್ರಹಗಳು 83 ಡಿಗ್ರಿ ಪೂರ್ವದಲ್ಲಿರುವುದರಿಂದ ನಮ್ಮಲ್ಲಿಂದ ಅವು ಸುಮಾರು 72 ಡಿಗ್ರಿ ಎತ್ತರದಲ್ಲಿರುತ್ತವೆ. ಏರ್‌ಟೆಲ್ ಬಳಸುವ ಉಪಗ್ರಹ 108.2 ಡಿಗ್ರಿಯಲ್ಲಿರುವುದರಿಂದ ಎತ್ತರವು 49 ಡಿಗ್ರಿಗೆ ಇಳಿಯುತ್ತದೆ. ದಟ್ಟ ತೋಟದ ನಡುವಿನ ಸಣ್ಣ ಅಂಗಳದಲ್ಲಿ, ಮರ ಕಡಿಯದೆ ಸಿಗ್ನಲ್ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ಈ ಇಪ್ಪತ್ತಮೂರು ಡಿಗ್ರಿಗಳೇ ನಿರ್ಧರಿಸಿಬಿಡಬಹುದು. ಹಾಗಾಗಿ ಯಾವ ಪ್ಯಾಕೇಜು ಹತ್ತು ರೂಪಾಯಿ ಅಗ್ಗ ಎಂದು ನೋಡುವುದಕ್ಕಿಂತ ಮೊದಲು ನಿಮ್ಮ ಅಂಗಳದಿಂದ ಯಾವ ಆಕಾಶ ಕಾಣುತ್ತದೆ ಎಂದು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಖರ್ಚಿನ ಬಗ್ಗೆ ಹೇಳುವುದಾದರೆ, ಶುಲ್ಕದ ಸೇವೆಯಲ್ಲಿ ವಾಹಿನಿಗಳ ಬೆಲೆಯ ಜೊತೆಗೆ ನೆಟ್‌ವರ್ಕ್ ಸಾಮರ್ಥ್ಯ ಶುಲ್ಕವೂ (ವಾಹಿನಿಗಳನ್ನು ತಲುಪಿಸುವುದಕ್ಕೆ ಸಂಸ್ಥೆ ಪಡೆಯುವ ಮೊತ್ತ) 18 ಶೇಕಡಾ ಜಿಎಸ್‌ಟಿಯೂ ಸೇರುತ್ತವೆ. ದೊಡ್ಡ ಪ್ಯಾಕೇಜು ಬಿಟ್ಟು, ಬೇಕಾದ ಕನ್ನಡ ವಾಹಿನಿಗಳನ್ನು ಮಾತ್ರ ಬಿಡಿಬಿಡಿಯಾಗಿ ಆರಿಸುವ ಅವಕಾಶ 2019ರಿಂದ ಇದೆ. ಆದರೆ ಕೇಳದಿದ್ದರೆ ಅದನ್ನು ಯಾರೂ ತಾವಾಗಿ ತೋರಿಸುವುದಿಲ್ಲ. ಉಡುಪಿಯ ಮನೆಯಲ್ಲಿ ಈಗಾಗಲೇ ಡಿಟಿಎಚ್ ಇದ್ದರೆ, ತೋಟದಲ್ಲಿ ಅದೇ ಉಪಗ್ರಹಕ್ಕೆ ತಿರುಗಿಸಿದ ಇನ್ನೊಂದು ಡಿಶ್ಶನ್ನು ಶಾಶ್ವತವಾಗಿ ನಿಲ್ಲಿಸಿ, ಹೋಗುವಾಗ ಬಾಕ್ಸನ್ನು ಮಾತ್ರ ಕೊಂಡೊಯ್ಯುವ ಕ್ರಮವೂ ನಮ್ಮ ಕಡೆ ಕೆಲವರಲ್ಲಿ ಇದೆ. ಹಾಗೆ ಮಾಡುವುದಾದರೆ ಸೇವಾಸಂಸ್ಥೆಯ ನಿಯಮ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಯಕ್ಷಗಾನದ ಬಗ್ಗೆ ಒಂದು ಮಾತು. ಮಂಗಳೂರು, ಉಡುಪಿಯ ಸ್ಥಳೀಯ ವಾಹಿನಿಗಳಲ್ಲಿ ಬರುವ ಬಯಲಾಟದ ಪ್ರಸಾರಗಳು ಹೆಚ್ಚಾಗಿ ಕೇಬಲ್ ಮತ್ತು ಇಂಟರ್ನೆಟ್‌ಗೆ ಸೀಮಿತವಾದವು, ಡಿಶ್‌ನಲ್ಲಿ ಅವುಗಳನ್ನು ಹುಡುಕಬೇಡಿ. ಉಡುಪಿಯಲ್ಲಿರುವಾಗಲೇ, ಹಕ್ಕುದಾರರು ಅನುಮತಿಸಿದ ಪ್ರಸಂಗಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹೋದರೆ ಟಿವಿಯ ಯುಎಸ್‌ಬಿ ಕಿಂಡಿಯಿಂದಲೇ ನೋಡಬಹುದು. ಪತ್ತನಾಜೆಯ (ಮೇ ಕೊನೆಯಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ನಂತರ ಮೇಳಗಳು ತಿರುಗಾಟ ಮುಗಿಸಿ, ಮಳೆಯಿಂದ ಉಪಗ್ರಹದ ಸಿಗ್ನಲ್ಲೂ ಕೈಕೊಡುವ ತಿಂಗಳುಗಳಲ್ಲಿ ನಿಮ್ಮ ತಂದೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಮರುಪ್ರಶ್ನೆ: ಗುಡ್ಡೆಮನೆ (ಉಡುಪಿ)

ಇಬ್ಬರಿಗೂ ಧನ್ಯವಾದಗಳು. ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ನೀವು ಹೇಳಿದ ದಿಕ್ಕಿನಲ್ಲಿ ಮನೆಯ ಬಳಿ ಆಕಾಶ ಸ್ವಚ್ಛವಾಗಿಲ್ಲ. ಅಡಿಕೆ ಒಣಗಿಸುವ ಅಂಗಳದ ಆಚೆ ತುದಿಯಲ್ಲಿ ಮಾತ್ರ ತೆರೆದ ಜಾಗವಿದೆ, ಅಲ್ಲಿಂದ ಮನೆಗೆ ಸುಮಾರು 40 ಮೀಟರ್ ಆಗುತ್ತದೆ. ಅಷ್ಟು ಉದ್ದದ ಕೇಬಲ್ ಎಳೆದರೆ ತೊಂದರೆಯಿದೆಯೇ? ವಿದ್ಯುತ್ ಇಲ್ಲದಾಗ ಟಿವಿ ನಡೆಸಲು ಸೋಲಾರ್ ಹಾಕುವುದು ಲಾಭವೇ? ಸಿಡಿಲಿನ ಭಯವೂ ಇದೆ.

ಉತ್ತರ 3: ಬೆಳ್ತಂಗಡಿಯ ಕೃಷಿಕ

ನಮ್ಮ ತೋಟವೂ ಚಾರ್ಮಾಡಿಯ ಬದಿಯಲ್ಲಿ ಇಂಥದೇ ಜಾಗದಲ್ಲಿರುವುದರಿಂದ ವಿದ್ಯುತ್ತು ಮತ್ತು ಸಿಡಿಲಿನ ಬಗ್ಗೆ ಬರೆಯುತ್ತೇನೆ.

24 ಇಂಚಿನ ಎಲ್‌ಇಡಿ ಟಿವಿ ಸುಮಾರು 30 ವ್ಯಾಟ್, ಬಾಕ್ಸ್ 10 ವ್ಯಾಟ್ ತೆಗೆದುಕೊಳ್ಳುತ್ತದೆ. ದಿನಕ್ಕೆ ನಾಲ್ಕು ಗಂಟೆ ನೋಡಿದರೆ 160 ವ್ಯಾಟ್-ಗಂಟೆ. 12 ವೋಲ್ಟಿನ 40 ಎಎಚ್ (ಆಂಪಿಯರ್-ಗಂಟೆ) ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೂ 240 ವ್ಯಾಟ್-ಗಂಟೆ ಸಿಗುವುದರಿಂದ ಒಂದು ರಾತ್ರಿಗೆ ಅದು ಧಾರಾಳವಾಗಿ ಸಾಕು. 12 ವೋಲ್ಟಿನಲ್ಲಿ ನೇರವಾಗಿ ನಡೆಯುವ ಟಿವಿ ತೆಗೆದುಕೊಂಡರೆ ಇನ್ವರ್ಟರಿನಲ್ಲಿ ವ್ಯರ್ಥವಾಗುವ ವಿದ್ಯುತ್ತೂ ಉಳಿಯುತ್ತದೆ. ಹೆಚ್ಚಿನ ಬಾಕ್ಸುಗಳ ಅಡಾಪ್ಟರ್ ಕೊಡುವುದೂ 12 ವೋಲ್ಟ್, ಆದರೆ ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುವುದರಿಂದ ನಡುವೆ ಒಂದು ಸಣ್ಣ ರೆಗ್ಯುಲೇಟರ್ ಬೇಕು. ಲಾಭದ ಪ್ರಶ್ನೆಗೆ ಬಂದರೆ, ಆಷಾಢದ ಮೋಡದಲ್ಲಿ, ಅದರಲ್ಲೂ ಮರದ ನೆರಳಿನ ನಡುವೆ, 100 ವ್ಯಾಟಿನ ಫಲಕವು ಹೆಸರಿಗೆ ಮಾತ್ರ ಉಳಿಯುತ್ತದೆ. ಕರೆಂಟು ಇದ್ದಾಗ ಅದರಿಂದಲೇ ಚಾರ್ಜ್ ಆಗಿ, ಬೇಸಿಗೆಯಲ್ಲಿ ಫಲಕದಿಂದ ನಡೆಯುವ ವ್ಯವಸ್ಥೆ ಮಾಡಿದರೆ ಮಾತ್ರ ಹಣ ಹಾಕಿದ್ದಕ್ಕೆ ಅರ್ಥ. ಬರೀ ಟಿವಿಗಾಗಿ ಸೋಲಾರ್ ಹಾಕುವುದನ್ನು ನಾನು ಸಲಹೆ ಮಾಡಲಾರೆ. ರಾತ್ರಿ ಕಾವಲಿನ ದೀಪಗಳಿಗೂ ಸೇರಿಸಿ ಯೋಚಿಸಿದರೆ ಅದು ಬೇರೆ ಮಾತು.

ಸಿಡಿಲಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಅಪಾಯ ಹೆಚ್ಚಿರುವುದು ಜಡಿಮಳೆಯ ತಿಂಗಳುಗಳಲ್ಲಲ್ಲ, ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿನಲ್ಲಿ ಮತ್ತು ಅಕ್ಟೋಬರಿನಲ್ಲಿ. ಡಿಶ್ಶಿನ ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್ ಮಾಡಿಸಿ, ಅದನ್ನು ಮನೆಯ ಅರ್ಥಿಂಗಿಗೂ ಜೋಡಿಸಲು ಹೇಳಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿಸುವುದು ಒಳ್ಳೆಯದು. ಎಷ್ಟೇ ಮಾಡಿಸಿದರೂ ನೇರ ಹೊಡೆತಕ್ಕೆ ಇದು ರಕ್ಷಣೆಯಲ್ಲ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ವಿದ್ಯುತ್ ಪ್ಲಗ್ಗನ್ನೂ ಡಿಶ್ಶಿನ ಕೇಬಲನ್ನೂ ಎರಡನ್ನೂ ಕಳಚಿಡುವ ಅಭ್ಯಾಸವನ್ನು ಅಲ್ಲಿರುವ ದಂಪತಿಗೆ ಮಾಡಿಸಿ. ಪ್ಲಗ್ ಮಾತ್ರ ತೆಗೆದು ಕೇಬಲ್ ಬಿಟ್ಟರೆ ಪ್ರಯೋಜನವಿಲ್ಲ. ಮಿಂಚು ಹತ್ತಿರ ಬಂದಮೇಲೆ ಮಾತ್ರ ಯಾವುದನ್ನೂ ಮುಟ್ಟಲು ಹೋಗದಿರಲಿ.

ಇನ್ನೊಂದು ವಿಚಾರ, ತೋಟದವರಿಗೆ ಮಾತ್ರ ಬರುವ ತೊಂದರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಅದು ಡಿಶ್ಶಿನ ಮೇಲೂ ಬೀಳುತ್ತದೆ. ಅದರಲ್ಲಿರುವ ಮೈಲುತುತ್ತ ಕಬ್ಬಿಣವನ್ನೂ ಸತುವಿನ ಲೇಪವನ್ನೂ ತಿನ್ನುವುದರಿಂದ ಎರಡು ಮಳೆಗಾಲದಲ್ಲಿ ನಟ್ಟು, ಬೋಲ್ಟು ಹಿಡಿದುಕೊಂಡುಬಿಡುತ್ತವೆ. ಔಷಧಿ ಬಿಡುವ ದಿನ ಒಂದು ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಸಾಕು. ಮಂಗಗಳು ಎಲ್‌ಎನ್‌ಬಿಯ ಕೈಯನ್ನು ಹಿಡಿದು ಜೋತಾಡುವುದಕ್ಕೆ ಮಾತ್ರ ನನ್ನಲ್ಲಿ ಪರಿಹಾರವಿಲ್ಲ.

ಉತ್ತರ 4: ಕಾರ್ಕಳದ ಡಿಶ್ ಕೆಲಸದವರು

40 ಮೀಟರ್ ದೊಡ್ಡ ಸಮಸ್ಯೆಯಲ್ಲ, ಆದರೆ ಕೇಬಲಿನಲ್ಲಿ ಹಣ ಉಳಿಸಲು ಹೋಗಬೇಡಿ. ಆರ್‌ಜಿ-6 (ಡಿಶ್‌ಗೆ ಬಳಸುವ ಕೇಬಲಿನ ಮಾದರಿ) ಎಂದೇ ಮಾರುವ ಅಗ್ಗದ ಕೇಬಲುಗಳ ಒಳತಂತಿ ತಾಮ್ರ ಲೇಪಿಸಿದ ಉಕ್ಕಿನದ್ದಾಗಿರುತ್ತದೆ. ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ತೂ ಇದೇ ತಂತಿಯಲ್ಲಿ ಹೋಗಬೇಕಾದ್ದರಿಂದ, ಉದ್ದ ಹೆಚ್ಚಿದಂತೆ ವೋಲ್ಟೇಜು ಇಳಿದು ಕೆಲವು ವಾಹಿನಿಗಳು ಮಾತ್ರ ಕಾಣೆಯಾಗುತ್ತವೆ. ಪೂರ್ತಿ ತಾಮ್ರದ ಒಳತಂತಿಯದ್ದನ್ನೇ ಕೇಳಿ, ನಡುವೆ ಎಲ್ಲಿಯೂ ಜೋಡಿಸದೆ ಒಂದೇ ತುಂಡು ಎಳೆಸಿ. 50 ಮೀಟರ್ ದಾಟಿದರೆ ಮಾತ್ರ ಡಿಶ್ಶಿನ ಬಳಿ ಲೈನ್ ಆಂಪ್ಲಿಫೈಯರ್ ಬೇಕಾಗುತ್ತದೆ. ಇಲಿ, ಅಳಿಲು ಕಡಿಯದಂತೆ ಕೇಬಲನ್ನು ಪಿವಿಸಿ ಪೈಪಿನೊಳಗೆ ನೆಲದಡಿಯಲ್ಲಿ ತನ್ನಿ. ಎಲ್‌ಎನ್‌ಬಿಯ ಬಳಿ ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಬಿಟ್ಟರೆ ನೀರು ಕನೆಕ್ಟರಿಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಡಿಶ್ಶಿನ ಗಾತ್ರದಲ್ಲಿಯೂ ಪೇಟೆಯ ಅಳತೆಯನ್ನು ಅನುಸರಿಸಬೇಡಿ. ಸಾಮಾನ್ಯವಾಗಿ ಕೊಡುವ 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನದ್ದನ್ನು ಹಾಕಿಸಿದರೆ ಸಿಗ್ನಲ್ ಹಿಡಿಯುವ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ಹೆಬ್ರಿಯ ಕಡೆಯ ಸಾಧಾರಣ ಮಳೆಗೆ ಅದು ಜಗ್ಗುವುದಿಲ್ಲ. ಡಿಶ್ ಹಿಡಿಯುವ ಕೆಯು ಬ್ಯಾಂಡಿನ ರೇಡಿಯೊ ಅಲೆಗಳನ್ನು ಮಳೆಹನಿಗಳು ಹೀರುವುದರಿಂದ, ಆಗುಂಬೆಯ ಬುಡದಲ್ಲಿ ಮಳೆ ಕವಿದು ಸುರಿಯುವಾಗ ಯಾವ ಡಿಶ್ಶೂ ನಿಲ್ಲದು, ಹತ್ತಿಪ್ಪತ್ತು ನಿಮಿಷ ಕಾಯಬೇಕು. ದೊಡ್ಡ ಡಿಶ್ಶಿಗೆ ಗಾಳಿಯ ಒತ್ತಡವೂ ಹೆಚ್ಚು, ಆದ್ದರಿಂದ ಹೆಂಚಿನ ಮಾಡಿನ ರೀಪಿಗಾಗಲಿ, ಬೋಲ್ಟು ಹಿಡಿಯದ ಮುರಕಲ್ಲಿನ ಗೋಡೆಗಾಗಲಿ ಕೂರಿಸಬೇಡಿ. ಅಂಗಳದ ತುದಿಯಲ್ಲಿ ಎರಡು ಅಡಿ ಆಳಕ್ಕೆ ಕಾಂಕ್ರೀಟು ಹಾಕಿ ಎರಡು ಇಂಚಿನ ಜಿಐ ಪೈಪನ್ನು ತೂಕದ ಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ.

ತಿರುಗಿಸುವಾಗ ಒಂದು ವಿಷಯ ನೆನಪಿರಲಿ: ಈ ಡಿಶ್ಶುಗಳು ಆಫ್‌ಸೆಟ್ ಮಾದರಿಯವು (ಸಿಗ್ನಲ್ ನಡುವಿಗಲ್ಲ, ಓರೆಯಾಗಿ ಕೆಳಗಿನ ಎಲ್‌ಎನ್‌ಬಿಗೆ ಬೀಳುವಂಥವು) ಆದ್ದರಿಂದ, 63 ಡಿಗ್ರಿ ಮೇಲಿನ ಉಪಗ್ರಹವನ್ನು ನೋಡುತ್ತಿದ್ದರೂ ಅವುಗಳ ಮುಖ ಸುಮಾರು 40 ಡಿಗ್ರಿಗೆ ಎತ್ತಿದಂತೆ ಮಾತ್ರ ಕಾಣುತ್ತದೆ. ಬಾಕ್ಸಿನಲ್ಲಿ ಎಲ್‌ಎನ್‌ಬಿಯನ್ನು 9750-10600 ಎಂದು ಇಟ್ಟು, 11090 ಆವರ್ತನ ಮತ್ತು 29500 ಸಿಂಬಲ್ ರೇಟ್ ಕೊಟ್ಟು, ಟಿವಿ ಪರದೆಯಲ್ಲಿ ಸಿಗ್ನಲ್ ಗುಣಮಟ್ಟ (ಕ್ವಾಲಿಟಿ) ತೋರಿಸುವ ಪಟ್ಟಿಯನ್ನು ನೋಡುತ್ತಾ ನಿಧಾನವಾಗಿ ಅತ್ತಿತ್ತ ಸರಿಸಿ. ತೀವ್ರತೆಯ ಪಟ್ಟಿ ಉಪಗ್ರಹ ಸಿಗದಿದ್ದರೂ ಏರುತ್ತದೆ, ಅದನ್ನು ನಂಬಬೇಡಿ. ಅಂಗಳದ ತುದಿಯಿಂದ ಟಿವಿ ಕಾಣದಿರುವುದರಿಂದ ಕೇಬಲ್ ಹೂಳುವ ಮೊದಲು ಟಿವಿಯನ್ನೂ ಬಾಕ್ಸನ್ನೂ ಕಂಬದ ಬಳಿಗೇ ತಂದು ಸಣ್ಣ ಕೇಬಲಿನಲ್ಲಿ ಜೋಡಿಸಿ, ಬೋಲ್ಟು ಬಿಗಿದ ಮೇಲೂ ಗುಣಮಟ್ಟ ಇಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.