ಪದ ಬೇಕು: ಟ್ರಾಕ್ಟರ್ ‘ಏರ್ ತಗೊಂಡಿದೆ’ ಅನ್ನೋದಕ್ಕೆ ಬೋರ್ಡಿನಲ್ಲಿ ಏನು ಬರೆಯೋದು?

ಇಂದ: ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ನಮ್ಮೂರ ಸಹಕಾರ ಸಂಘದಲ್ಲಿ ಬಾಡಿಗೆಗೆ ಕೊಡುವ ಹಳೇ ಟ್ರಾಕ್ಟರ್ ಒಂದಿದೆ. ಸ್ಟಾರ್ಟ್ ಏನೋ ಆಗುತ್ತದೆ. ನೇಗಿಲು ಇಳಿಸಿ ಒಂದೆರಡು ಸಾಲು ಹೊಡೆಯುವಷ್ಟರಲ್ಲಿ ಎಂಜಿನ್ ಸದ್ದು ಏರುತ್ತಾ ಇಳಿಯುತ್ತಾ ನಿಂತುಬಿಡುತ್ತದೆ. ಡೀಸೆಲ್ ಸರಿಯಾಗಿ ಹೋಗುತ್ತಿಲ್ಲ, ಅಷ್ಟೇ. ಓಡಿಸುವವರು ತಾವೇ ನೋಡಿಕೊಳ್ಳಲಿ ಅಂತ ಶೆಡ್ಡಿನ ಗೋಡೆಗೆ ಬೋರ್ಡ್ ಹಾಕಿಸುತ್ತಿದ್ದೇವೆ.

ಇಂಗ್ಲಿಷಿನಲ್ಲಿದ್ದ ಪಟ್ಟಿಯನ್ನು ಯಾರೋ ಮೊಬೈಲಿನಲ್ಲಿ ಕನ್ನಡಕ್ಕೆ ಮಾಡಿ ಕೊಟ್ಟಿದ್ದಾರೆ. ‘ವಾಯು ಬೀಗ’ ಅಂತಿದೆ. ‘ಬ್ಲೀಡ್’ ಅನ್ನೋದನ್ನು ‘ಇಂಧನ ವ್ಯವಸ್ಥೆಯ ರಕ್ತಸ್ರಾವ ಮಾಡಿ’ ಅಂತಲೂ ಮಾಡಿದ್ದಾರೆ! ಮೆಕ್ಯಾನಿಕ್‌ಗಳು ‘ಏರ್ ತಗೊಂಡಿದೆ, ಏರ್ ತೆಗೀಬೇಕು’ ಅಂತಾರೆ. ಬಾಯಲ್ಲಿ ಸರಿ, ಬೋರ್ಡಿನಲ್ಲಿ ತಗೊಳ್ಳೋದೂ ತೆಗೆಯೋದೂ ಅಕ್ಕಪಕ್ಕ ಬಂದರೆ ಗೊಂದಲ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಳ್ಳುವುದಕ್ಕೆ, ಅದನ್ನು ಹೊರಗೆ ಹಾಕುವುದಕ್ಕೆ ಪದ ಹೇಳಿ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಇಂದ: ಸೂತ್ರಪಾಠಿ

‘ವಾಯುರೋಧ’, ‘ವಾಯುನಿಷ್ಕಾಸನ’. ಎರಡೂ ಶುದ್ಧ. ದಯವಿಟ್ಟು ‘ಇಂಧನಕೊಳವೆ’, ‘ವಾಯುತಡೆ’ ಅಂತೆಲ್ಲ ಬರೆಯಬೇಡಿ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸ. ಕೇಶಿರಾಜ ಬಿರುದಾವಳಿಗೆ ವಿನಾಯ್ತಿ ಕೊಟ್ಟಿದ್ದ, ಟ್ರಾಕ್ಟರಿಗಲ್ಲ.

ಇಂದ: ಅಚ್ಚಗನ್ನಡ

ವಾಯುನಿಷ್ಕಾಸನವೇ? ಓದಿದವರು ಟ್ರಾಕ್ಟರಿಗೆ ಓಮಿನ ಕಷಾಯ ಕುಡಿಸಿಯಾರು ಸಾರ್.

ಇಂಧನ ಅನ್ನುವುದೇ ಬೇಡ. ‘ಎಣ್ಣೆ’ ಇದೆಯಲ್ಲ? ಎಳ್ + ನೆಯ್, ಎಣ್ಣೆಯ್. ಬೆಳ್ + ನೆಯ್ ಬೆಣ್ಣೆ ಆದ ಹಾಗೇ. ಎಳ್ಳಿನದಕ್ಕೆ ಮಾತ್ರ ಇದ್ದ ಹೆಸರು ಕೊಬ್ಬರಿಗೆ ಹೋಯಿತು, ಹರಳಿಗೆ ಹೋಯಿತು, ಹಡಗಿನಲ್ಲಿ ಬಂದ ಸೀಮೆಎಣ್ಣೆಗೂ ಹೋಯಿತು. ಡೀಸೆಲ್ ಹೊತ್ತಿಗೆ ಯಾಕೆ ನಿಂತಿತು ಅಂತ ನನಗೆ ಅರ್ಥ ಆಗಿಲ್ಲ. ‘ಎಣ್ಣೆದಾರಿಗೆ ಗಾಳಿ ಹಿಡಿದಿದೆ’ ಅನ್ನಿ. ಮೂರೂ ನಮ್ಮವೇ ಪದ.

ಇಂದ: ಕರಡು ತಿದ್ದುವವಳು

ಅಚ್ಚಗನ್ನಡ ಅವರೇ, ಗಾಳಿ ಹಿಡಿದರೆ ನಮ್ಮ ಕಡೆ ಮೆಕ್ಯಾನಿಕ್‌ನ ಕರೆಯೋದಿಲ್ಲ, ತಾಯತ ಕಟ್ಟಿಸುತ್ತಾರೆ. ಇನ್ನು ‘ಎಣ್ಣೆ ಖಾಲಿಯಾಗಿದೆಯಾ ನೋಡಿ’ ಅಂತ ಗೋಡೆ ಮೇಲೆ ಬರೆದರೆ ಸಂಜೆ ಹೊತ್ತು ಓದುವವರು ಏನು ತಿಳಿಯಬಹುದು ಹೇಳಿ. ತಮಾಷೆ ಬಿಡಿ, ಎಂಜಿನ್ ಆಯಿಲ್ಲೂ ಎಣ್ಣೆಯೇ ಅಲ್ವಾ? ಒಂದರ ಜಾಗಕ್ಕೆ ಇನ್ನೊಂದು ಸುರಿದರೆ ಯಾರು ಜವಾಬ್ದಾರಿ? ಬೋರ್ಡಿನಲ್ಲಿ ಡೀಸೆಲ್ ಅಂತಲೇ ಇರಲಿ.

ಇಂದ: ಎರೆಹೊಲ

ಇದಕ್ಕೆ ಹೊಸದಾಗಿ ಪದ ಕಟ್ಟುವ ಅಗತ್ಯವೇ ಇಲ್ಲ. ಬಾವಿ ಮೇಲೆ ಪಂಪ್‌ಸೆಟ್ ಇಟ್ಟವರನ್ನು ಕೇಳಿ. ಫುಟ್‌ವಾಲ್ ಸರಿಯಿಲ್ಲದೆಯೋ ಪೈಪಿನ ಜಾಯಿಂಟ್ ಸಡಿಲವಾಗಿಯೋ ನೀರು ಬರದೇ ಹೋದರೆ ಏನಂತಾರೆ? ‘ಪಂಪು ಗಾಳಿ ಎಳೀತಿದೆ’ ಅಂತಾರೆ. ಟ್ರಾಕ್ಟರಿನಲ್ಲಿ ನಡೆಯುವುದೂ ಅದೇ. ಫೀಡ್ ಪಂಪು ಟ್ಯಾಂಕಿನಿಂದ ಡೀಸೆಲ್ ಎಳೆಯುತ್ತದೆ. ದಾರಿಯಲ್ಲಿ ಒಂದು ತಾಮ್ರದ ವಾಷರ್ ಸವೆದಿದ್ದರೂ ಸಾಕು, ಡೀಸೆಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪಂಪು ತಳ್ಳುವ ಕಡೆ ಜಾಯಿಂಟ್ ಸಡಿಲವಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ಸಡಿಲವಿದ್ದರೆ ಎಂಜಿನ್ ಓಡುವಾಗ ಹೊರಗೆ ಒಂದು ಹನಿಯೂ ಕಾಣದೇ ಇರಬಹುದು. ಅದಕ್ಕೇ ಹುಡುಗರು ಎಲ್ಲೂ ಸೋರುತ್ತಿಲ್ಲ ಅಂತ ಸುಮ್ನೆ ಫಿಲ್ಟರ್ ಬದಲಿಸುತ್ತಾ ಕೂರುತ್ತಾರೆ. ‘ಸೋರುತ್ತಿದೆ’, ‘ಗಾಳಿ ಎಳೆಯುತ್ತಿದೆ’ ಎರಡನ್ನೂ ಬೇರೆ ಬೇರೆ ಬರೆದರೆ ಅರ್ಧ ರಿಪೇರಿ ಆದಂತೆ. ಕಸ ಕೂತರೆ ‘ಕಟ್ಟಿಕೊಂಡಿದೆ’, ಅದು ಮೂರನೇದು.

ಹೊರಗೆ ಹಾಕುವುದಕ್ಕೆ ‘ಗಾಳಿ ತೆಗೆಯಿರಿ’ ಸಾಕು. ಆದರೆ ಬರೀ ಅಷ್ಟೇ ಬರೆದರೆ ಟೈರಿಂದ ತೆಗೆದುಬಿಟ್ಟಾರು. ‘ಡೀಸೆಲ್ ಪೈಪಿನ ಗಾಳಿ’ ಅಂತ ಸೇರಿಸಿ.

ಇಂದ: ಸೂತ್ರಪಾಠಿ

‘ಗಾಳಿಯೆಳೆ’ ಕ್ರಿಯಾಸಮಾಸ. ಒಪ್ಪಿದೆ. ‘ಡೀಸೆಲ್ ಪೈಪ್’ ಒಪ್ಪಿಲ್ಲ.

ಇಂದ: ಅಚ್ಚಗನ್ನಡ

ಎರೆಹೊಲ ಅವರ ‘ಎಳೆ’ ಚೆನ್ನಾಗಿದೆ. ಟ್ರಾಕ್ಟರ್ ಅನ್ನುವ ಪದದ ಲ್ಯಾಟಿನ್ ಬೇರಿನ ಅರ್ಥವೂ ಎಳೆಯುವುದೇ. ಹಾಗಿದ್ದ ಮೇಲೆ ಟ್ರಾಕ್ಟರನ್ನೇ ‘ಎಳೆಬಂಡಿ’ ಅನ್ನಬಾರದೇಕೆ? ಎಣ್ಣೆ ಬೇಡವಾದರೆ ‘ಉರುವಲು’ ಇದೆ. ಉರುವಲು ಅಂದರೆ ಸೌದೆ ಅಂತ ಈಗ ಯಾರಾದರೂ ಬಂದೇ ಬರುತ್ತೀರಿ. ಸಂಸ್ಕೃತದ ‘ಇಂಧ್’ ಅಂದರೂ ಹೊತ್ತಿಸು ಅಂತಲೇ, ಇಂಧನವೂ ಮೊದಲು ಸೌದೆಯೇ. ಅವರ ಸೌದೆ ಡೀಸೆಲ್ ಆಗಬಹುದು, ನಮ್ಮ ಸೌದೆ ಒಲೆ ಮುಂದೆಯೇ ಬಿದ್ದಿರಬೇಕಾ?

ಇಂದ: ಕರಡು ತಿದ್ದುವವಳು

ವಾದ ಒಪ್ಪುವಂಥದ್ದೇ. ಆದರೆ ಹೊಲದಲ್ಲಿ ಗಾಡಿ ನಿಂತಾಗ ಯಾರಿಗೆ ಬೇಕು ಅದು? ಡೀಸೆಲ್ ಒಬ್ಬ ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್, ಜರ್ಮನಿಯವನು, 1913ರಲ್ಲಿ ತೀರಿಕೊಂಡ. ಹೆಸರನ್ನೂ ಅನುವಾದ ಮಾಡುತ್ತೀರಾ? ಅದನ್ನು ತುಂಬಿಡುವ ‘ಪೀಪಾಯಿ’ ಪೋರ್ಚುಗೀಸರದು. ಗಾಡಿಯ ‘ಚಾವಿ’ಯೂ ಅವರದೇ. ಗೋಡೆ ಕಟ್ಟುವ ‘ಮೇಸ್ತ್ರಿ’ಯೂ ಅಲ್ಲಿಂದಲೇ ಬಂದವನು. ಇವರನ್ನೆಲ್ಲ ಊರೊಳಗೆ ಬಿಟ್ಟುಕೊಂಡು ಡೀಸೆಲ್ ಒಂದನ್ನೇ ಹೊಸಿಲಾಚೆ ನಿಲ್ಲಿಸುವುದು ಯಾವ ನ್ಯಾಯ?

ಇಂದ: ಅಚ್ಚಗನ್ನಡ

ಅವು ಬಂದು ಶತಮಾನಗಳಾದವು. ಬಾಯಲ್ಲಿ ಸವೆದು ನಮ್ಮವಾದವು. ಈಗ ಬರುವವು ಸವೆಯುವುದೇ ಇಲ್ಲ, ಇಂಗ್ಲಿಷಿನಲ್ಲಿ ಹೇಗಿವೆಯೋ ಹಾಗೇ ಬಂದು ಕೂರುತ್ತವೆ. ನನ್ನ ಜಗಳ ಅದಕ್ಕೆ.

ಇಂದ: ಎರೆಹೊಲ

ಯಾರು ಹೇಳಿದರು ಸವೆಯೋದಿಲ್ಲ ಅಂತ? ಡೀಸೆಲನ್ನು ಒತ್ತಡದಲ್ಲಿ ನಾಜಲ್ಲಿಗೆ ಕಳಿಸುವ ಪಂಪಿದೆಯಲ್ಲ, ಅದಕ್ಕೆ ಹಳ್ಳಿ ಮೆಕ್ಯಾನಿಕ್ ಹೇಳುವುದು ‘ಮೈಕೋ ಪಂಪು’. ಬೆಂಗಳೂರು ಆಡುಗೋಡಿಯ ಕಾರ್ಖಾನೆ ಹೆಸರು ಅದು. ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿತು, ಮೆಕ್ಯಾನಿಕ್ ಬದಲಿಸಲಿಲ್ಲ. ಬೇರೆ ಯಾರು ಮಾಡಿದ ಪಂಪಾದರೂ ಅವನಿಗೆ ಮೈಕೋನೇ. ನಿಮ್ಮ ಎಳ್ಳು ಎಲ್ಲದಕ್ಕೂ ಎಣ್ಣೆ ಆದದ್ದೂ ಹೀಗೇ ಅಲ್ವಾ?

ಇಂದ: ಹೇಮಾವತಿ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡಿಗೆ ಹೀಗೆ ಬರೆದಿದ್ದೇನೆ:

‘ಎಂಜಿನ್ ನಿಂತರೆ ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಬುಸ್ ಅಂದರೆ ಮುಚ್ಚಳದ ಸಣ್ಣ ತೂತು ಕಟ್ಟಿಕೊಂಡಿದೆ, ಬಿಡಿಸಿ. ಗಾಜಿನ ಬಟ್ಟಲಿನ ತಳದಲ್ಲಿ ನೀರು ಕಂಡರೆ ಬಿಚ್ಚಿ ಚೆಲ್ಲಿ. ಫಿಲ್ಟರ್ ಕಟ್ಟಿಕೊಂಡಿದ್ದರೆ ಬದಲಿಸಿ. ಪೈಪು ಗಾಳಿ ಎಳೆಯುತ್ತಿದ್ದರೆ ವಾಷರ್ ನೋಡಿ, ಜಾಯಿಂಟ್ ಬಿಗಿ ಮಾಡಿ. ಆಮೇಲೆ ಡೀಸೆಲ್ ಪೈಪಿನ ಗಾಳಿ ತೆಗೆಯಿರಿ.’

ಇಂದ: ಸೂತ್ರಪಾಠಿ

‘ಬುಸ್’ ಹಾವಿನ ಅನುಕರಣಾವ್ಯಯ. ಮುಚ್ಚಳಕ್ಕೆ ‘ಉಸ್’.

ಇಂದ: ಎರೆಹೊಲ

ಬುಸ್ಸೋ ಉಸ್ಸೋ, ಕೇಳಿದರೆ ಸಾಕು. ಕೊನೇ ಸಾಲು ಮಾತ್ರ ಅಪೂರ್ತಿ. ಮೊದಲು ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಹ್ಯಾಂಡಲ್ ಒತ್ತಬೇಕು. ನೊರೆ ನಿಂತು ಬರೀ ಡೀಸೆಲ್ ಬರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಆಮೇಲೆ ಮೈಕೋ ಪಂಪಿನದ್ದು. ಇದು ಹಿಂದುಮುಂದಾದರೆ ಫಿಲ್ಟರಿನಲ್ಲಿ ಉಳಿದ ಗಾಳಿ ಮತ್ತೆ ಪಂಪಿಗೇ ಬರುತ್ತದೆ. ಫ್ಲೆಕ್ಸಿನಲ್ಲಿ ಜಾಗ ಇಲ್ಲದಿದ್ದರೆ ‘ಗಾಜಿನ ಬಟ್ಟಲಿನ’ ತೆಗೆದು ಬರೀ ‘ಬಟ್ಟಲಿನ’ ಅಂತ ಮಾಡಿ, ಇದನ್ನು ಹಾಕಿ.