ವರ್ಕ್‌ಶಾಪಿಗೆ ಗ್ರಾನೈಟ್: ಅಡುಗೆಕಟ್ಟೆಯ ತುಂಡು ಸಾಕಾ, ಸರ್ಫೇಸ್ ಪ್ಲೇಟೇ ಬೇಕಾ?

ಪ್ರಶ್ನೆ: ಸಣ್ಣ ಲೇತ್ ಇದೆ. ಮಾರ್ಕಿಂಗ್‌ಗೆ, ಹೈಟ್ ಗೇಜ್ (ಎತ್ತರ ಅಳೆಯೋ ಸಾಧನ) ಇಟ್ಟು ಅಳೆಯೋಕೆ ಸಮತಟ್ಟಾದ ಕಲ್ಲು ಬೇಕು. 20 ಮಿ.ಮೀ. ದಪ್ಪದ ಪಾಲಿಶ್ ಗ್ರಾನೈಟ್ ತುಂಡು ಕೈಯಲ್ಲಿದೆ, ಆಗುತ್ತಾ? ಸರ್ಫೇಸ್ ಪ್ಲೇಟೇ (ಅಳತೆಗೆಂದೇ ಕರಾರುವಾಕ್ಕಾಗಿ ಸಮತಟ್ಟು ಮಾಡಿದ ಚಪ್ಪಡಿ) ಬೇಕಂದ್ರೆ ಯಾವ ಗ್ರೇಡ್?

ಉತ್ತರ 1: ಹೊಳಪು ಬೇರೆ, ಸಮತಲ ಬೇರೆ. ಪಾಲಿಶ್ ಯಂತ್ರ ಕಲ್ಲಿನ ಏರಿಳಿತವನ್ನೇ ಹಿಂಬಾಲಿಸಿ ಮಿಂಚಿಸುತ್ತದೆ ಅಷ್ಟೇ. 20 ಮಿ.ಮೀ. ಕಲ್ಲು ಭಾರಕ್ಕೆ ಬಾಗುತ್ತದೆ ಕೂಡ. ಗೆರೆ ಎಳೆಯೋಕೆ ಸಾಕು, ಅಳತೆಗೆ ಬೇಡ. 12×18 ಇಂಚಿನ ಬಿ ಗ್ರೇಡ್ (ವರ್ಕ್‌ಶಾಪ್ ಮಟ್ಟದ) ಪ್ಲೇಟ್ ತಗೊಳ್ಳಿ: ಇಡೀ ಮೇಲ್ಮೈಯಲ್ಲಿ ಏರಿಳಿತ ಸುಮಾರು 5 ಮೈಕ್ರಾನ್ (0.005 ಮಿ.ಮೀ.) ಒಳಗೆ ಇರುತ್ತದೆ. ಅತಿ ನಿಖರವಾದ ಎಎ ಗ್ರೇಡ್ ಮನೆಗೆ ದುಂದು. 3 ಇಂಚು ದಪ್ಪದ್ದು ಸುಮಾರು 30 ಕೆಜಿ ತೂಗುತ್ತದೆ, ಬೆಂಚು ಗಟ್ಟಿ ಇರಲಿ.

ಉತ್ತರ 2: ಒಪ್ಪಿದೆ. ಕೂರಿಸೋದು ಮೂರೇ ರಬ್ಬರ್ ಪ್ಯಾಡ್ ಮೇಲೆ. ತಯಾರಕರು ಅಡಿಯಲ್ಲಿ ಗುರುತು ಹಾಕಿದ್ದರೆ ಅಲ್ಲೇ. ನಾಲ್ಕು ಕಾಲು ಕೊಟ್ಟರೆ ಬೆಂಚಿನ ಸೊಟ್ಟ ಪ್ಲೇಟಿಗೆ ಬರುತ್ತದೆ. ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡಿ, ಮೇಲ್ಭಾಗ ಕಾದರೆ ನಡು ಉಬ್ಬುತ್ತದೆ. ನೀರಿನಿಂದ ಒರೆಸಿದ ತಕ್ಷಣ ಅಳೆಯಲೂಬಾರದು, ಒಂದೆರಡು ಗಂಟೆ ಬಿಡಿ.

ಉತ್ತರ 1: ಎರಕದ ಕಬ್ಬಿಣದ ಸರ್ಫೇಸ್ ಪ್ಲೇಟೂ ಇದೆ, ಆದರೆ ಅದಕ್ಕೆ ಪೆಟ್ಟು ಬಿದ್ದರೆ ಪೆಟ್ಟಿನ ಅಂಚು ಉಬ್ಬಿ ಅಳತೆ ಕೆಡುತ್ತದೆ, ಗ್ರಾನೈಟ್ ಚೂರಾಗಿ ಹಾರುತ್ತದೆ, ಸುತ್ತಲಿನ ಮೇಲ್ಮೈ ಹಾಗೇ ಉಳಿಯುತ್ತದೆ.

ಉತ್ತರ 3: ಆ ಹಳೇ ತುಂಡು ಎಸೆಯಬೇಡಿ. ಎಮರಿ ಕಾಗದ ಅಂಟಿಸಿ ಉಜ್ಜೋ ಕೆಲಸ ಅದರ ಮೇಲಾಗಲಿ. ಎಮರಿ ಪುಡಿ ಅಳತೆಯ ಪ್ಲೇಟಿಗೆ ಸೇರಿದರೆ ನಡುಭಾಗ ಸವೆದು ತಗ್ಗು ಬೀಳುತ್ತದೆ. ಅಳತೆಯ ಪ್ಲೇಟಿನ ಮೇಲೊಂದು ಮರದ ಮುಚ್ಚಳ ಖಂಡಿತ ಮಾಡಿಸಿ.