ಸೋಲಾರ್ ಹೀಟರ್ ಇದ್ದರೆ ಕರೆಂಟ್ ಬಿಲ್ಲಿನಲ್ಲಿ 50 ರೂಪಾಯಿ ಕಮ್ಮಿಯಂತೆ, ನಮಗ್ಯಾಕಿಲ್ಲ?

ಗಿರಣಿ_ಮನೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಹೋದ ವರ್ಷ ಊರಲ್ಲೇ ಹೊಸ ಮನೆ ಕಟ್ಟಿಸಿದೆವು. ಮೇಲೆ ಮನೆ, ಕೆಳಗೆ ಅಪ್ಪನ ಹಿಟ್ಟಿನ ಗಿರಣಿ, ಎರಡಕ್ಕೂ ಬೇರೆ ಬೇರೆ ಮೀಟರ್. ಮನೆಗೆ ಕನೆಕ್ಷನ್ ಬೇಕಾದರೆ ಸೋಲಾರ್ ವಾಟರ್ ಹೀಟರ್ ಇರಲೇಬೇಕು ಅಂದರು, ಆಯ್ತು ಅಂತ 200 ಲೀಟರಿನದು ಕೂರಿಸಿದೆವು. ಮೊನ್ನೆ ಅತ್ತೆ ಮಗ ಬಂದಿದ್ದಾಗ ಅವರ ಮನೆ ಬಿಲ್ಲು ತೋರಿಸಿದ. ಅದರಲ್ಲಿ ಸೋಲಾರ್ ರಿಯಾಯಿತಿ ಅಂತ 50 ರೂಪಾಯಿ ಕಳೆದಿದ್ದಾರೆ. ನಮ್ಮ ಬಿಲ್ಲಿನಲ್ಲಿ ಹುಡುಕಿದರೆ ಏನೂ ಇಲ್ಲ. ಕಚೇರಿಗೆ ಹೋದೆ. ಒಬ್ಬರು "ಅದೆಲ್ಲ ಯಾವಾಗ್ಲೋ ನಿಂತೋಯ್ತು" ಅಂದರು, ಪಕ್ಕದ ಟೇಬಲ್ಲಿನವರು "ಅರ್ಜಿ ಕೊಡಿ ನೋಡೋಣ" ಅಂದರು. ಇಬ್ಬರ ನಡುವೆ ಬರೀ ಎರಡು ಅಡಿ ಅಂತರ.

ಆದರೆ ನಿಜವಾದ ತಲೆನೋವು ಬೇರೆ. ಸೋಲಾರ್ ಇದ್ದೂ ಹೋದ ತಿಂಗಳು ಮನೆಗೆ 214 ಯೂನಿಟ್ ಬಂದಿದೆ! ಹಳೇ ಮನೆಯಲ್ಲಿ ಗೀಸರ್ ಇದ್ದಾಗಲೂ ಇಷ್ಟು ಬಂದಿರಲಿಲ್ಲ. ಹೊಸ ಮನೆ ಅಂತ ಗೃಹಜ್ಯೋತಿಯಲ್ಲಿ ನಮಗೆ ಸಿಕ್ಕಿರೋದು 58 ಯೂನಿಟ್ ಮಾತ್ರ, ಈ ಸಲ ಅದೂ ಕೈಬಿಟ್ಟು ಪೂರ್ತಿ ಬಿಲ್ಲು ಬಂತು, 1,900ರ ಹತ್ತಿರ. ಕೆಳಗೆ ಗಿರಣಿ ಬಿಲ್ಲಿನಲ್ಲಿ ಪಿಎಫ್ ಅಂತ ಏನೋ ದಂಡ ಬೇರೆ ಹಾಕಿದ್ದಾರೆ. ಕರೆಂಟ್ ಉಳಿಸಿದವರಿಗೆ ಕಂಪನಿಯವರು ಕೊಡೋ ರಿಯಾಯಿತಿ, ಸಬ್ಸಿಡಿ ಏನೇನಿದೆ? ಮನೆಗೆಷ್ಟು, ಗಿರಣಿಗೆಷ್ಟು? ಗೊತ್ತಿರುವವರು ಹೇಳಿ.

ತಾರಸಿ_ಕೆಲಸ:

ಹದಿನೈದು ವರ್ಷದಿಂದ ಸೋಲಾರ್ ಹೀಟರ್ ಹಾಕೋ ಕೆಲಸದಲ್ಲಿದ್ದೇನೆ, ನನಗೆ ಗೊತ್ತಿರೋದು ಹೇಳ್ತೀನಿ.

ರಿಯಾಯಿತಿ ಇರುವುದು ನಿಜ. ಕರೆಂಟ್ ದರ ನಿಗದಿ ಮಾಡೋ ಕರ್ನಾಟಕದ ಆಯೋಗ ಕೆಇಆರ್‌ಸಿಯ ದರಪಟ್ಟಿಯಲ್ಲೇ ಬರೆದಿದ್ದಾರೆ. ಮನೆ ಬಳಕೆಯ ಮೀಟರಿಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ 50 ರೂಪಾಯಿ ಮೀರುವಂತಿಲ್ಲ. ಹೀಟರ್ ಹಾಕಿಸಿದರೆ ಸಾಲದು, ಬಳಸುತ್ತಲೂ ಇರಬೇಕು ಅಂತ ಷರತ್ತು. ಅದು ತಾನಾಗೇ ಬರಲ್ಲ, ನೀವು ಕೇಳಬೇಕು. ಆರ್‌ಆರ್ ನಂಬರ್ (ಬಿಲ್ಲಿನಲ್ಲಿರೋ ನಿಮ್ಮ ಕನೆಕ್ಷನ್ ನಂಬರ್) ಬರೆದು ಒಂದು ಅರ್ಜಿ, ಜೊತೆಗೆ ಹೀಟರ್ ಬಿಲ್ಲಿನ ಜೆರಾಕ್ಸ್, ಸಾಧ್ಯವಾದರೆ ತಾರಸಿ ಮೇಲಿನ ಫೋಟೋ. ಕೊಟ್ಟು ಸೀಲ್ ಹಾಕಿಸಿಕೊಂಡು ಬನ್ನಿ. ಬಾಯಿಮಾತಿನ ಉತ್ತರಕ್ಕೆ ಬೆಲೆ ಇಲ್ಲ, ಸೀಲಿಗಿದೆ. ದರಪಟ್ಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಹೋಗುವ ಮುಂಚೆ ಈ ವರ್ಷದ್ದನ್ನು ಒಂದು ಸಲ ಓದಿಕೊಳ್ಳಿ.

ಈಗ ನಿಮ್ಮ 214ರ ಕತೆ. ಟ್ಯಾಂಕಿನಿಂದ ಒಂದು ವೈರು ಕೆಳಗೆ ಇಳಿದಿದೆಯಾ ನೋಡಿ. ಮೋಡ ಇದ್ದ ದಿನಕ್ಕೆ ಬೇಕು ಅಂತ ಟ್ಯಾಂಕಿನೊಳಗೇ ಒಂದು ಕಾಯಿಲ್ ಇಟ್ಟಿರುತ್ತಾರೆ, ಸಾಮಾನ್ಯವಾಗಿ 2 ಕಿಲೋವ್ಯಾಟ್. ಅದರ ಸ್ವಿಚ್ಚು ಆನ್ ಇದ್ದರೆ ಏನಾಗುತ್ತೆ ಗೊತ್ತಾ? ಬೆಳಿಗ್ಗೆ ಎಲ್ಲರೂ ಸ್ನಾನ ಮಾಡುತ್ತೀರಿ, ಬಿಸಿನೀರು ಹೋದಷ್ಟೂ ತಣ್ಣೀರು ಟ್ಯಾಂಕಿಗೆ ಬಂದು ತುಂಬುತ್ತದೆ, ಥರ್ಮೋಸ್ಟಾಟ್ ಅದನ್ನು ನೋಡಿದ ತಕ್ಷಣ ಕಾಯಿಲ್ ಶುರು ಮಾಡುತ್ತದೆ, ಬಿಸಿಲು ಏರುವ ಹೊತ್ತಿಗೆ ನೀರು ಕರೆಂಟಿನಲ್ಲೇ ಕಾದು ಕೂತಿರುತ್ತದೆ. ಸೂರ್ಯನಿಗೆ ಮಾಡಲು ಕೆಲಸವೇ ಇಲ್ಲ. ದಿನಕ್ಕೆ ಒಂದು ಗಂಟೆ ಓಡಿದರೂ ತಿಂಗಳಿಗೆ 60 ಯೂನಿಟ್. ಎರಡು ಗಂಟೆ ಅಂದರೆ ಲೆಕ್ಕ ನೀವೇ ಹಾಕಿ. ಮೊದಲು ಆ ಸ್ವಿಚ್ಚು ನೋಡಿ ಬನ್ನಿ, ಆಮೇಲೆ 50 ರೂಪಾಯಿ ವಿಷಯ ಮಾತಾಡೋಣ.

ಲೆಕ್ಕದ_ಪುಸ್ತಕ:

ಮೇಲಿನವರು ಹೇಳಿದ್ದು ಸರಿ. ಅಪಾರ್ಟ್‌ಮೆಂಟಿನವರಿಗೆ ಒಂದು ವಿಷಯ ಸೇರಿಸುತ್ತೇನೆ. ತಾರಸಿ ಮೇಲೆ ಎಲ್ಲರಿಗೂ ಸೇರಿ ದೊಡ್ಡ ಸೋಲಾರ್ ಹೀಟರ್ ಇದ್ದರೂ ರಿಯಾಯಿತಿ ಪ್ರತಿ ಮನೆಯ ಮೀಟರಿಗೂ ಬೇರೆ ಬೇರೆಯಾಗಿ ಸಿಗುತ್ತದೆ, ಮನೆಗೆ ಕನಿಷ್ಠ 100 ಲೀಟರ್ ಲೆಕ್ಕದಲ್ಲಿ ಇರಬೇಕು ಅಷ್ಟೇ. ನಾನು ನಮ್ಮ ಸಂಘದ ಖಜಾಂಚಿ. ನಮ್ಮಲ್ಲಿ 24 ಮನೆ, ಆರು ವರ್ಷ ಒಬ್ಬರೂ ಕೇಳಿರಲಿಲ್ಲ! ಕೊನೆಗೆ ಒಂದೇ ಪತ್ರಕ್ಕೆ 24 ಆರ್‌ಆರ್ ನಂಬರ್ ಪಟ್ಟಿ ಲಗತ್ತಿಸಿ ಕೊಟ್ಟೆವು.

ಇನ್ನು ಪ್ರಶ್ನೆ ಕೇಳಿದವರಿಗೆ. ನಿಮ್ಮ ಮನೆಗೆ ಅತಿ ದೊಡ್ಡ ರಿಯಾಯಿತಿ ಯಾವುದು ಅಂದರೆ 200ರ ಗೆರೆ. ಗೃಹಜ್ಯೋತಿಯಲ್ಲಿ 199 ಯೂನಿಟ್ ಬಂದಿದ್ದರೆ ನಿಮ್ಮ 58 ಕಳೆದು ಉಳಿದದ್ದಕ್ಕೆ ಮಾತ್ರ ಕಟ್ಟುತ್ತಿದ್ದಿರಿ. 201 ಬಂದರೆ ಪೂರ್ತಿ ನಿಮ್ಮ ತಲೆ ಮೇಲೆ. 2025-26ರ ದರದಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, 58 ಯೂನಿಟ್ಟಿಗೇ 336 ರೂಪಾಯಿ ಆಯ್ತು, ಅದರ ಮೇಲೆ ತೆರಿಗೆ ಬೇರೆ. ಎರಡು ಯೂನಿಟ್ ಜಾಸ್ತಿ ಉರಿಸಿದ್ದಕ್ಕೆ ಇಷ್ಟು! ಹಾಗಾಗಿ ನಾನು ತಿಂಗಳ 20ನೇ ತಾರೀಕಿಗೆ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಫ್ಯಾನು ನೋಡಿ. ಹಳೇ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಅನ್ನೋ ಹೊಸ ಬಗೆಯ ಮೋಟರಿನ ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಹಾಲಿನದು ಮತ್ತು ಮಲಗೋ ಕೋಣೆಯದು ಎರಡನ್ನೇ ಬದಲಾಯಿಸಿ, ದೇವರ ಮನೆ ಪಕ್ಕದ ಫ್ಯಾನು ವರ್ಷಕ್ಕೆ ನಾಲ್ಕು ಸಲ ತಿರುಗುತ್ತೆ, ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಇದಕ್ಕೆ ನಮ್ಮ ಕಡೆ ಯಾರೂ ರಿಬೇಟ್ ಕೊಟ್ಟಿದ್ದು ನಾನಂತೂ ನೋಡಿಲ್ಲ. ಹೊಸ ಬೆಳಕು ಯೋಜನೆಯಲ್ಲಿ ಬಿಲ್ಲು ತೋರಿಸಿ ಕ್ಯೂ ನಿಂತು 9 ವ್ಯಾಟಿನ ಎಲ್‌ಇಡಿ ಬಲ್ಬು ತಂದಿದ್ದೇ ಕೊನೆ, ಅದರಲ್ಲಿ ಎರಡು ಇನ್ನೂ ಉರೀತಿವೆ.

ಮೂರು_ಫೇಸ್:

ಗಿರಣಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು, ನಮ್ಮ ಧಂಧೆಗೇ ಕಲ್ಲು ಹಾಕಿಕೊಂಡಂತೆ ಆದರೂ ಪರವಾಗಿಲ್ಲ.

ಗಿರಣಿಗೆ ಸೋಲಾರ್ ಹೀಟರ್ ರಿಯಾಯಿತಿ ಇಲ್ಲ, ಗೃಹಜ್ಯೋತಿ ಇಲ್ಲ. ತಾರಸಿ ಮೇಲೆ ಕರೆಂಟ್ ತಯಾರಿಸೋ ಸೋಲಾರ್ ಪ್ಯಾನೆಲ್‌ಗೆ ಕೇಂದ್ರ ಸರ್ಕಾರ ಕೊಡೋ ಪಿಎಂ ಸೂರ್ಯಘರ್ ಸಬ್ಸಿಡಿಯೂ ಮನೆ ಮೀಟರಿಗೆ ಮಾತ್ರ. ಹಾಗಾಗಿ ಅಲ್ಲಿ ರಿಯಾಯಿತಿ ಹುಡುಕಬೇಡಿ, ದಂಡ ತಪ್ಪಿಸಿ. ಪಿಎಫ್ ಅಂದರೆ ಪವರ್ ಫ್ಯಾಕ್ಟರ್. ಗಿರಣಿಯಂಥ ಎಲ್‌ಟಿ (ಕಡಿಮೆ ವೋಲ್ಟೇಜಿನ) ಕನೆಕ್ಷನ್ನಿನಲ್ಲಿ ಅದು 0.85ಕ್ಕಿಂತ ಕೆಳಗೆ ಇಳಿದರೆ ಸರ್‌ಚಾರ್ಜ್ ಹಾಕುತ್ತಾರೆ. ಅರ್ಥ ಆಗೋ ಹಾಗೆ ಹೇಳಬೇಕೆಂದರೆ ಮೋಟರ್ ಲೈನಿನಿಂದ ಎಳೆಯೋ ಕರೆಂಟೆಲ್ಲ ಕಲ್ಲು ತಿರುಗಿಸೋಕೆ ಹೋಗಲ್ಲ, ಒಂದು ಪಾಲು ಅಯಸ್ಕಾಂತ ಕಟ್ಟೋಕೆ ಹೋಗಿ ಬಂದು ಮಾಡ್ತಾ ಇರುತ್ತೆ, ಆ ಓಡಾಟದ ಭಾರ ಕಂಪನಿಯ ಲೈನಿನ ಮೇಲೆ. ಪಕ್ಕದಲ್ಲಿ ಒಂದು ಕೆಪಾಸಿಟರ್ ಇದ್ದರೆ ಆ ಓಡಾಟ ಗಿರಣಿಯೊಳಗೇ ಮುಗಿಯುತ್ತದೆ.

ನಿಮ್ಮಲ್ಲಿ ಸ್ಟಾರ್ಟರ್ ಪಕ್ಕ ಒಂದು ತಗಡಿನ ಡಬ್ಬಿ ಇರುತ್ತೆ ನೋಡಿ, ಕನೆಕ್ಷನ್ ತಗೊಳ್ಳುವಾಗ ಹಾಕಿಸಿರುತ್ತಾರೆ. ಹತ್ತರಲ್ಲಿ ಎಂಟು ಗಿರಣಿಗಳಲ್ಲಿ ಅದು ಹೊಟ್ಟೆ ಉಬ್ಬಿಕೊಂಡು ಸತ್ತಿರುತ್ತೆ, ಇಲ್ಲ ಯಾರೋ ವೈರು ಬಿಚ್ಚಿರುತ್ತಾರೆ. ಮೇನ್ ಆಫ್ ಮಾಡಿದರೂ ಅದನ್ನು ಮುಟ್ಟಬೇಡಿ, ಒಳಗೆ ಚಾರ್ಜ್ ಉಳಿದಿರುತ್ತೆ, ಎಲೆಕ್ಟ್ರಿಷಿಯನ್ ಕೈಯಲ್ಲೇ ನೋಡಿಸಿ. ಮೋಟರಿನ ಎಚ್‌ಪಿಗೆ ತಕ್ಕ ಐಎಸ್‌ಐ ಗುರುತಿನದೇ ಹಾಕಿಸಿ. ಇನ್ನೊಂದು, ಬೆಲ್ಟ್ ಸಡಿಲ ಇದ್ದರೆ ಮೋಟರ್ ಓಡುತ್ತೆ, ಕಲ್ಲು ಅಷ್ಟು ಓಡಲ್ಲ. ಮೋಟರ್ ರೆಕ್ಕೆಗಳ ನಡುವೆ ಹಿಟ್ಟು ಕಟ್ಟಿರುತ್ತೆ, ರಾಗಿ ಹಿಟ್ಟಂತೂ ಸಿಮೆಂಟಿನ ಹಾಗೆ, ಅದನ್ನು ಬ್ರಷ್ಷಿನಲ್ಲಿ ತೆಗೆಸಿ. ಇನ್ನು ಮೂರು ನಾಲ್ಕು ಸಲ ರಿವೈಂಡ್ ಆದ ಮೋಟರ್ ಇದ್ದರೆ ಮತ್ತೆ ನನ್ನಂಥವರ ಹತ್ತಿರ ತರಬೇಡಿ. ಐಇ3 ಗುರುತಿನ, ಅಂದರೆ ಅದೇ ಕೆಲಸಕ್ಕೆ ಕಮ್ಮಿ ಕರೆಂಟ್ ತಿನ್ನೋ ಹೊಸದು ತಗೊಳ್ಳಿ.

ದೂರದ_ಊರು:

ನಾನಿರೋದು ಬಾಸ್ಟನ್ ಹತ್ತಿರ. ಇಲ್ಲಿ ಕರೆಂಟು ಮತ್ತು ಗ್ಯಾಸ್ ಕಂಪನಿಗಳು ಸೇರಿ ಮಾಸ್ ಸೇವ್ ಅಂತ ಕಾರ್ಯಕ್ರಮ ನಡೆಸುತ್ತವೆ, ಮನೆಗೂ ಉಂಟು ಅಂಗಡಿಗೂ ಉಂಟು. ಬಿಟ್ಟಿಯಾಗಿ ಒಬ್ಬರು ಮನೆಗೆ ಬಂದು ಅಟ್ಟ, ನೆಲಮಾಳಿಗೆ ಎಲ್ಲ ನೋಡಿ ಎಲ್ಲಿ ಶಾಖ ಸೋರುತ್ತಿದೆ ಅಂತ ಬರೆದುಕೊಡುತ್ತಾರೆ. ನಮ್ಮ ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿದಾಗ 75 ಪರ್ಸೆಂಟ್ ಅವರೇ ಕೊಟ್ಟರು. ಕೇಳಿದರೆ ಆಹಾ ಅನಿಸುತ್ತೆ ಅಲ್ವಾ? ಆ ದುಡ್ಡು ಬರೋದು ಎಲ್ಲರ ಬಿಲ್ಲಿನಲ್ಲಿ ಪ್ರತಿ ತಿಂಗಳು ಹಾಕುವ ಒಂದು ಚಾರ್ಜಿನಿಂದಲೇ. ಕೇಳದೇ ಸುಮ್ಮನಿದ್ದವರು ಪಕ್ಕದ ಮನೆಯವರ ಅಟ್ಟಕ್ಕೆ ದುಡ್ಡು ಕೊಟ್ಟ ಹಾಗೆ. ನಾನು ಐದು ವರ್ಷ ಹಾಗೇ ಕೊಟ್ಟಿದ್ದೆ.

ಹೌದು_ಸ್ವಾಮಿ:

50 ರೂಪಾಯಿಗೆ ಎರಡು ಸಲ ಕಚೇರಿಗೆ ಹೋದರೆ ಪೆಟ್ರೋಲಿಗೇ ಅಷ್ಟಾಗುತ್ತೆ. ಸೂರ್ಯಘರ್ ಹಾಕಿಸಿ ಮುಗಿಸಿ.

ಲೆಕ್ಕದ_ಪುಸ್ತಕ:

@ಹೌದು_ಸ್ವಾಮಿ, ವರ್ಷಕ್ಕೆ 600 ರೂಪಾಯಿ ಆಯ್ತಲ್ಲ ಸ್ವಾಮಿ, ಒಂದು ಸಲ ಹೋಗಿ ಬಂದರೆ. ಸೂರ್ಯಘರ್ ಒಳ್ಳೆಯದೇ, 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಜಾಸ್ತಿ ಹಾಕಿದರೆ 78,000 ಸಬ್ಸಿಡಿ. ಆದರೆ ಅದು ಪ್ಯಾನೆಲ್ ಕೂರಿಸಿ, ಮೀಟರ್ ಬದಲಾಗಿ, ಎಲ್ಲ ಮುಗಿದ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲು ಪೂರ್ತಿ ದುಡ್ಡು ಕೈಯಿಂದಲೋ ಸಾಲದಿಂದಲೋ ಹೊಂದಿಸಬೇಕು. ಕಾಯಿಲ್ ಸ್ವಿಚ್ಚು ಆನ್ ಇಟ್ಟುಕೊಂಡು ತಾರಸಿ ಮೇಲೆ ಪ್ಯಾನೆಲ್ ಹಾಕಿಸೋದು ತೂತು ಬಿಂದಿಗೆಗೆ ಬೋರ್‌ವೆಲ್ ಕೊರೆಸಿದ ಹಾಗೆ.

ಗಿರಣಿ_ಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಹಬ್ಬದ ಗಡಿಬಿಡಿ.

@ತಾರಸಿ_ಕೆಲಸ ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು! ಸ್ವಿಚ್ಚು ಬಚ್ಚಲಿನ ಹೊರಗೆ ಟವೆಲ್ ಗೂಟದ ಹಿಂದೆ ಇತ್ತು, ಮೇಲೆ ಯಾವಾಗಲೂ ಯಾರದೋ ಪಂಚೆ ನೇತಾಡುತ್ತಾ ಇರುತ್ತೆ. ಅಮ್ಮನನ್ನು ಕೇಳಿದೆ. ಆಷಾಢದಲ್ಲಿ ಒಂದು ವಾರ ಬಿಸಿಲೇ ಬರಲಿಲ್ಲ, ಆಗ ಹಾಕಿದ್ದೆ ಅಂದರು. ಈಗ ಕಾರ್ತಿಕ. ಆಫ್ ಮಾಡಿ ಮೂರು ವಾರ ಆಯ್ತು, ದಿನಾ ಬೆಳಿಗ್ಗೆ ಮೀಟರ್ ನೋಡ್ತಿದ್ದೀನಿ, ಏಳು ಯೂನಿಟ್ ಓಡುತ್ತಿದ್ದದ್ದು ಈಗ ಐದರೊಳಗೆ. ನೀರು ಬಿಸಿಯಾಗೇ ಬರುತ್ತಿದೆ. ಅಮ್ಮನಿಗೆ ಮಾತ್ರ ನಂಬಿಕೆ ಇಲ್ಲ, ಕೈ ಅದ್ದಿ ನೋಡಿ "ಕರೆಂಟಿನ ಬಿಸಿ ಬೇರೆ" ಅಂತಾರೆ.

ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡೆ. ಈ ಸಲ ತಗೊಂಡವರು ಮೂರನೆಯವರು, ಏನೂ ಮಾತಾಡಲಿಲ್ಲ, ಬಂದು ನೋಡ್ತೀವಿ ಅಂದರಷ್ಟೇ.

ಗಿರಣಿ ಕೆಪಾಸಿಟರ್ ಡಬ್ಬಿ ತೆಗೆಸಿದೆವು. ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು, ವೈರು ಒಂದೇ ತುದಿ ಸೇರಿತ್ತು. ಹೊಸದು ಹಾಕಿಸಿದ್ದೇವೆ. ಬೆಲ್ಟ್ ಬಿಗಿ ಮಾಡಿಸಿದ ಮೇಲೆ ಅಪ್ಪ ಹೇಳೋ ಪ್ರಕಾರ ಒಂದು ಡಬ್ಬ ಗೋಧಿ ಮುಂಚಿಗಿಂತ ಬೇಗ ಬೀಸುತ್ತಿದೆ. ಪಿಎಫ್ ದಂಡ ಹೋಯ್ತೋ ಇಲ್ವೋ ಬಿಲ್ಲು ಬಂದ ಮೇಲೆ ಹೇಳ್ತೀನಿ. @ಮೂರು_ಫೇಸ್, ನಮ್ಮ ಮೋಟರ್ ಎಷ್ಟು ಸಲ ರಿವೈಂಡ್ ಆಗಿದೆ ಅಂತ ಅಪ್ಪನ್ನ ಕೇಳಿದೆ, ಬೆರಳು ಎಣಿಸೋಕೆ ಶುರು ಮಾಡಿ ಆರಕ್ಕೆ ನಿಲ್ಲಿಸಿದರು. ಐಇ3 ಮೋಟರಿನ ರೇಟು ಯಾರಾದರೂ ಹೇಳ್ತೀರಾ? 7.5 ಎಚ್‌ಪಿ.